ಮೇಜಿನ ಮೇಲೆ ಅಂಗೈ

...ಇಲ್ಲ, ಏಳಬೇಡ, ಕೂತ್ಕೋ. ವಾರ್ಡನ್ ಅಕ್ಕ ಬಾಗಿಲಲ್ಲಿ ಬೀಗದ ಕೈ ಗೊಂಚಲು ಆಡಿಸಿದ ಮಾತ್ರಕ್ಕೆ ನಮ್ಮ ಹೊತ್ತು ಮುಗಿದ ಹಾಗಲ್ಲ. ಅವರು ಆಡಿಸ್ತಾನೇ ಇರ್ತಾರೆ, ಅದು ಅವರ ಕೈಯ ಚಟ. ಎಲ್ಲಿದ್ವಿ? ಹಾಂ, ನಡೆದದ್ದು. ಬಣ್ಣ ಬಳಿಯದೆ ಒಂದೊಂದಾಗಿ ಹೇಳ್ತೀನಿ. ಎಲ್ಲಾದರೂ ತಪ್ಪಿದರೆ ತಡಿ.

ಒಂದು. ನಿನಗೆ ಹದಿನೇಳು ವರ್ಷ.

ಎರಡು. ನಿನ್ನ ಭಾವ, ಅಂದರೆ ನಿನ್ನ ಅಕ್ಕನ ಗಂಡ, "ಸ್ಕೂಟರ್ ಹಿಡ್ಕೊಂಡು ಮೂಲೇಲಿ ನಿಂತಿರು" ಅಂದ. ನೀನು ನಿಂತೆ.

ಮೂರು. ಅವನೂ ಅವನ ಗೆಳೆಯನೂ ಮೊಬೈಲ್ ಅಂಗಡಿಯ ಶಟರ್ ಮುರಿದರು. ಒಳಗೆ ಮಲಗಿದ್ದ ಕಾವಲುಗಾರನ ತಲೆಗೆ ಏಟು ಬಿತ್ತು.

ನಾಲ್ಕು. ಒಳಗೆ ಕಾವಲುಗಾರ ಇದ್ದಾನೆ ಅಂತ ನಿನಗೆ ಗೊತ್ತಿರಲಿಲ್ಲ. ಅವನು ಕೂಗಿದಾಗ ಗೊತ್ತಾಯ್ತು.

ಐದು. ಠಾಣೆಯಲ್ಲಿ ಕೇಳಿದ್ದಕ್ಕೆಲ್ಲ ನೀನು "ಹೌದು" ಅಂದೆ.

ಈ ಐದನೆಯದು... ತಲೆ ಎತ್ತು. ಎತ್ತು ಅಂದೆ! ತಗ್ಗಬೇಕಾದ ತಲೆಗಳು ಬೇರೆ ಇವೆ, ಅವು ಈ ಕೋಣೆಯಲ್ಲಿಲ್ಲ.

ನಾವು ಮೊದಲು ಭೇಟಿಯಾದ ದಿನ ನೆನಪಿದೆಯಾ? ಇದೇ ಮೇಜು, ನೆಲಕ್ಕೆ ಸ್ಕ್ರೂ ಹೊಡೆದ ಇದೇ ಕುರ್ಚಿಗಳು. "ಊಟ ಆಯ್ತಾ?" ಅಂದೆ. ಹೌದು ಮೇಡಂ. "ನಿದ್ದೆ ಬಂತಾ?" ಹೌದು ಮೇಡಂ. ನನಗೆ ಯಾಕೋ ಅನುಮಾನ ಬಂತು. "ನಾನು ನಿಮ್ಮ ಅಜ್ಜಿ ಅಲ್ವಾ?" ಅಂದೆ. ಹೌದು ಮೇಡಂ! ಯಾಕೆ ನಗ್ತೀಯ? ನಗು, ನಗು, ಈಗ ನಗಬಹುದು. ಆವತ್ತು ನನಗೆ ನಗು ಬರಲಿಲ್ಲ. ಮನೆಗೆ ಹೋಗಿ ನಮ್ಮಮ್ಮನಿಗೆ ಹೇಳಿದರೆ "ಪಾಪ, ಮರ್ಯಾದಸ್ಥ ಹುಡುಗಿ ಇರಬೇಕು" ಅಂದರು. ಮರ್ಯಾದೆ! ಮರ್ಯಾದೆಯಿಂದಲೇ ಅಲ್ವಾ ನೀನಿಲ್ಲಿಗೆ ಬಂದದ್ದು? ಮಾತು ಉದ್ದ ಆದ ಕೂಡಲೇ ಅದರ ತಲೆ ನಿನ್ನ ಕೈ ಜಾರುತ್ತೆ, ಬಾಲ ಮಾತ್ರ ಉಳಿಯುತ್ತೆ. ಬಾಲ ಹಿಡಿದು ಏನು ಹೇಳೋದು? "ಹೌದು" ಅಂದುಬಿಟ್ಟರೆ ಎದುರಿಗಿರೋರ ಮುಖ ಸಡಿಲ ಆಗುತ್ತೆ, ಕೇಳೋದು ನಿಲ್ಲಿಸ್ತಾರೆ. ಶಾಲೆಯಲ್ಲಿ ನೀನು ಹಾಗೇ ಪಾರಾದೆ. ಠಾಣೆಯಲ್ಲೂ ಹಾಗೇ ಪಾರಾಗ್ತೀನಿ ಅಂದ್ಕೊಂಡೆ.

ಅಲ್ಲ, ದಡ್ಡಿ ಅಲ್ಲ ನೀನು. ಆ ಪದ ಇನ್ನೊಂದು ಸಲ ನಿನ್ನ ತುಟಿಗೆ ಬಂದರೆ ನೋಡು! ದೂರದ್ದು ಕಾಣದವನಿಗೆ ಕನ್ನಡಕ ಕೊಡ್ತಾರೆ, ಯಾರಾದರೂ ದಡ್ಡ ಅಂತಾರಾ? ನಿನ್ನ ತಮ್ಮನಿಗೆ ಬೂಟಿನ ಲೇಸ್ ಕಟ್ಟೋದು ಕಲಿಸಿದ್ದು ಯಾರು? ಹೇಗೆ ಕಲಿಸಿದೆ ಅಂತ ನೀನೇ ಹೇಳಿದ್ದೆ. "ಇದು ಹಿಡಿ. ಇದರ ಕೆಳಗೆ ತೂರಿಸು. ಈಗ ಎಳಿ." ಚಿಕ್ಕ ಚಿಕ್ಕ ಮಾತು. ಭಾಷಾ ಚಿಕಿತ್ಸೆ ಅಂತ ನಾನು ವರ್ಷಗಟ್ಟಲೆ ಓದಿ ಪದವಿ ತಂದದ್ದೂ ಇದಕ್ಕೇ. ಮಾತನ್ನ ಚಿಕ್ಕದು ಮಾಡೋದು. ಮಾಡದವರ ಹತ್ತಿರ ಮಾಡಿಸೋದು.

ಅದು ಈ ಬಾಲಮಂದಿರದ ಸೂಪರಿಂಟೆಂಡೆಂಟ್ ಸಾಹೇಬರ ತಲೆಗೆ ಹೋಗಲ್ಲ. "ಬಾಯಿ ಬರೋ ಹುಡುಗಿಗೆ ಮಾತು ಕಲಿಸೋಕೆ ಒಬ್ಬರು ಬೇಕೇನ್ರೀ? ಅಂಗಡಿ ಮುರಿಯೋಕೆ ಬುದ್ಧಿ ಇತ್ತಲ್ಲ?" ಅಂತಾರೆ. ಅಂಗಡಿ ಮುರಿದದ್ದು ಇವಳಲ್ಲ ಅಂದರೆ, "ಅವಳೇ ಹೌದು ಅಂದಿದ್ದಾಳಲ್ಲ" ಅಂತಾರೆ. ಕೆಂಪು ಕಾರ್ಡು ಮಾಡಿಕೊಟ್ಟೆ ನಿನಗೆ, ಅರ್ಥ ಆಗದಿದ್ದರೆ ಎತ್ತಿ ತೋರಿಸು ಅಂತ. ಅದನ್ನೂ ಕಿತ್ಕೊಂಡರು. ಮೂಲೆ ಚೂಪಾಗಿದೆಯಂತೆ! ರಟ್ಟಿನ ಕಾರ್ಡು! ಸರಿ, ಅಂಗೈಗೆ ಮೂಲೆ ಇಲ್ಲವಲ್ಲ. ಅದನ್ನ ಕಿತ್ಕೊಳ್ಳೋಕೂ ಆಗಲ್ಲ.

ಬಾ, ನಾಳೆ ಬಾಲ ನ್ಯಾಯ ಮಂಡಳಿ ಮುಂದೆ ನಿನ್ನ ವಿಚಾರಣೆ, ಕೊನೇ ಸಲ ಅಭ್ಯಾಸ ಮಾಡೋಣ. ನಾನೀಗ ಆ ಕಡೆ ವಕೀಲ. ನೋಡು, ಕನ್ನಡಕ ಮೂಗಿನ ತುದಿಗೆ ಬಂತು... ನಗಬಾರದು, ವಕೀಲರಿಗೆ ಕೋಪ ಬರುತ್ತೆ. "ಒಳಗಿದ್ದ ಕಾವಲುಗಾರನಿಗೆ ಅಪಾಯ ಆಗಬಹುದು ಅನ್ನೋ ತಿಳುವಳಿಕೆ ಇದ್ದೂ, ಕೃತ್ಯ ಮುಗಿಯೋವರೆಗೂ ನೀನು ಸ್ವಇಚ್ಛೆಯಿಂದ ಅಲ್ಲೇ ವಾಹನದ ಜೊತೆ ಕಾದಿದ್ದೆ ಅನ್ನೋದು ನಿಜ ತಾನೇ?"

ನುಂಗು! ಆ "ಹೌ" ಅಂದೆಯಲ್ಲ, ನುಂಗು ಅದನ್ನ. ಕೈ ಎಲ್ಲಿ? ಮಡಿಲಲ್ಲಿ ಯಾಕಿದೆ? ಮೇಜಿನ ಮೇಲೆ. ಬೆರಳು ಬಿಡಿಸಿ, ಅಂಗೈ ಚಪ್ಪಟೆಯಾಗಿ. ಹಾಂ. ಈಗ ಅವರ ಮುಖ ನೋಡು. ಏನೂ ಹೇಳಬೇಡ. ಅಂಗೈ ಅಲ್ಲೇ ಇರೋ ತನಕ ಅರ್ಥ ಒಂದೇ: ನನಗೆ ತಿಳಿಲಿಲ್ಲ, ಚಿಕ್ಕದಾಗಿ ಕೇಳಿ. ಅವರು ಕೆಮ್ಮಲಿ, ಗಡಿಯಾರ ನೋಡಲಿ, ಗದರಿಸಲಿ. ಕೈ ತೆಗೀಬೇಡ. ಆಗ ಅವರೇ ದಾರಿಗೆ ಬರ್ತಾರೆ. "ಒಳಗೆ ಕಾವಲುಗಾರ ಇದ್ದಾನೆ ಅಂತ ನಿನಗೆ ಗೊತ್ತಿತ್ತಾ?"

ತಲೆ ಆಡಿಸಿದರೆ ಸಾಲದು, ಬಾಯಲ್ಲಿ ಹೇಳು. ಏನು? ಫ್ಯಾನಿಗೆ ಕೇಳಿಸ್ತು, ನನಗೆ ಕೇಳಿಸಲಿಲ್ಲ. ಇನ್ನೊಂದು ಸಲ. ಭೇಷ್! ಇಷ್ಟೇ. ಈ ಒಂದು "ಇಲ್ಲ" ನಾಳೆ ನಿನ್ನ ಬಾಯಿಂದ ಬಂದರೆ ಅಜ್ಜಿ ಮನೆ, ತಮ್ಮನ ಪಕ್ಕದ ಹಾಸಿಗೆ. ಅದರ ಜಾಗದಲ್ಲಿ ಒಂದು "ಹೌದು" ಜಾರಿದರೆ ಭಾವನ ಹಿಂದೆ ದೊಡ್ಡವರ ಕೋರ್ಟು, ಆಮೇಲೆ ದೊಡ್ಡವರ ಜೈಲು. ಹೆದರಿಸ್ತಿಲ್ಲ. ನಿನ್ನ ಹತ್ತಿರ ಇದನ್ನ ಮುಚ್ಚಿಡೋಕೆ ನಾನ್ಯಾರು?

ಏನು ನೋಡ್ತಿದೀಯ? ಕುರ್ಚಿನಾ? ಹಾಂ... ನಾಳೆ ಅಲ್ಲೂ ನಿನ್ನ ಪಕ್ಕ ಒಂದು ಕುರ್ಚಿ ಇರುತ್ತೆ. ಅದರಲ್ಲಿ ನಾನು ಕೂರ್ತೀನಿ, ನೀನು ಕೈ ಇಟ್ಟಾಗ "ಚಿಕ್ಕದಾಗಿ ಕೇಳಿ" ಅಂತ ನಾನು ಹೇಳ್ತೀನಿ ಅಂತ ಮಾತಾಗಿತ್ತು. ಆಗಿತ್ತು. ಅದರ ವಿಷಯ ಏನಪ್ಪಾ ಅಂದರೆ, ವಿಚಾರಣೆ ವೇಳೆಯಲ್ಲಿ ನಿನಗೆ ಕೊಡಬೇಕಾದ ನೆರವಿನ ಸ್ವರೂಪ ಹೇಗಿರಬೇಕು ಅನ್ನೋದನ್ನ ಸಂಬಂಧಪಟ್ಟವರು ಮರುಪರಿಶೀಲನೆ ಮಾಡ್ತಿರೋದರಿಂದ, ಸದ್ಯದ ಮಟ್ಟಿಗೆ ಯಾವ...

ಏನದು? ಅಭ್ಯಾಸ ಮುಗೀತು, ಕೈ ತೆಗಿ.

ತೆಗಿಯೇ. ನಾನು ವಕೀಲ ಅಲ್ಲ, ಕನ್ನಡಕ ಮೇಲೇರಿಸಿದೀನಿ, ನೋಡು. ನಾನು ಹೇಳಿದ್ದು ಇಷ್ಟೇ: ಯಾರು ಎಲ್ಲಿ ಕೂತ್ಕೊಳ್ಳಬೇಕು ಅನ್ನೋ ತೀರ್ಮಾನ ನನ್ನೊಬ್ಬಳ ಕೈಯಲ್ಲಿ ಇಲ್ಲದೆ ಇರೋದರಿಂದ, ಎಲ್ಲಾ ಸಾಧ್ಯತೆಗೂ ನಾವು ಮಾನಸಿಕವಾಗಿ...

ಹಾಗೆ ನೋಡಬೇಡ.

ನನ್ನ ಮುಂದೇನೇ ಇಡ್ತೀಯಾ? ನಾನು ಕಲಿಸಿದ್ದನ್ನ, ನನಗೇ?

...

ಸರಿ. ಚಿಕ್ಕದಾಗಿ ಹೇಳ್ತೀನಿ.

ನಾಳೆ ನಾನು ಬರಲ್ಲ.

ಬರಬಾರದು ಅಂದಿದ್ದಾರೆ. ನಿನ್ನೆ ಸಾಹೇಬರು ಒಂದು ಕಾಗದ ಮುಂದಿಟ್ಟರು. "ಇವಳಿಗೆ ಎಲ್ಲ ಅರ್ಥ ಆಗುತ್ತೆ ಅಂತ ಸಹಿ ಹಾಕಿ" ಅಂದರು. ಹಾಕಲ್ಲ ಅಂದೆ. "ಹಾಗಾದರೆ ನಾಡಿದ್ದಿಂದ ಕೆಲಸಕ್ಕೆ ಬರಬೇಡಿ" ಅಂದರು. ಸರಿ ಅಂದೆ. ಇವತ್ತು ಸಂಜೆ ಗೇಟಿನಲ್ಲಿ ನನ್ನ ಪಾಸು ವಾಪಸ್ ಕೊಡಬೇಕು. ಇನ್ನೊಂದು ಸಲ ಕೇಳಿದರೂ ಸಹಿ ಹಾಕಲ್ಲ.

ನಿನಗೆ ಯಾಕೆ ಹೇಳಲಿಲ್ಲ? ಹೇಳಿದರೆ ನೀನು ಹೆದರಿ ನಾಳೆ ಮತ್ತೆ ಎಲ್ಲದಕ್ಕೂ ಹೌದು ಅಂತೀಯೇನೋ ಅನ್ನೋ ಕಾರಣಕ್ಕೆ ನಾನು... ಗೊತ್ತು, ಗೊತ್ತು, ಕೈ ಇನ್ನೂ ಅಲ್ಲೇ ಇದೆ. ಉದ್ದ ಆಯ್ತು. ಹೆದರಿದ್ದು ನಾನು. ಅಷ್ಟೇ.

ಹಾಂ, ಈಗ ಕೈ ತೆಗೆದೆ ನೀನು.

ಅರ್ಥ ಆಯ್ತಾ? ಊಹೂಂ, "ಹೌದು" ಬೇಡ! ನಿನ್ನ ಮಾತಲ್ಲಿ ಹೇಳು ನೋಡೋಣ.

"ಕುರ್ಚಿ ಖಾಲಿ. ಕೈ ನನ್ನದು."

...ಹೌದು. ಈ ಸಲ ಹೌದು ಅನ್ನೋ ಸರದಿ ನನ್ನದು. ನನ್ನ ಮುಂದೇನೇ ಇಟ್ಟ ಕೈ ಅದು. ಊರಲ್ಲಿ ಯಾವ ವಕೀಲನ ಮುಂದೆ ಬೇಕಾದರೂ ಇಡಬಹುದು.

ಬಂದ್ವಿ ಅಕ್ಕ, ಬಂದ್ವಿ, ಬೀಗ ಹಾಕೋಕೆ ಇನ್ನೊಂದು ನಿಮಿಷ ಬಿಡಿ.

ಕೇಳು. ಇವತ್ತು ಮಲಗೋ ಮುಂಚೆ ಪಕ್ಕದ ಮಂಚದವಳಿಗೆ ಇದನ್ನ ಕಲಿಸು. ಲೇಸ್ ಕಲಿಸಿದ ಹಾಗೆ. ಕೈ ಇಡು. ಮುಖ ನೋಡು. ತೆಗೀಬೇಡ. ಅವಳು ಅವಳ ಪಕ್ಕದವಳಿಗೆ ಹೇಳಲಿ. ಯಾರು ಕಲಿಸಿದ್ದು ಅಂತ ಹೇಳೋ ಅಗತ್ಯ ಇಲ್ಲ. ಬಾಗಿಲಲ್ಲಿ ನಿಂತು ಇಷ್ಟೂ ಕೇಳಿಸಿಕೊಂಡಿದೀರಲ್ಲ, ಅಕ್ಕ, ನಿಮಗೂ ಹೇಳ್ತಿದೀನಿ. ನಿಮ್ಮ ಮನೇಲೂ ಕೇಳಿದ್ದಕ್ಕೆಲ್ಲ "ಹೌದು" ಅನ್ನೋ ಮಗು ಇರಬಹುದು. ಕೇಳಿಸಿಕೊಂಡವರು ಯಾರೇ ಆಗಲಿ, ಇದನ್ನ ತಮ್ಮಲ್ಲೇ ಇಟ್ಕೋಬೇಡಿ. ಇನ್ನೊಬ್ಬರಿಗೆ ದಾಟಿಸಿ.