ಪೂರ್ತಿ ಎರಡು ನಿಮಿಷ

ದೀಪ ಆರಿಸಬೇಡಿ, ಇರಲಿ. ಇದು ಯಾರೋ ಯಾರಿಗೋ ಹೇಳಿದ್ದಲ್ಲ, ನಮ್ಮ ದೊಡ್ಡಮ್ಮನ ಮಗನಿಗೇ ಆಗಿದ್ದು. ಪುರಸಭೆ ಆಫೀಸಲ್ಲಿ ಗುಮಾಸ್ತ ಅವನು. ಯಾವ ಸಭೆ ಇರಲಿ, ಮೈಕ್ ಹಿಡಿದು ಜನರನ್ನ ಏಳಿಸೋದು ಕೂರಿಸೋದು ಅವನೇ. ಹಾಗಾಗಿ ಊರೆಲ್ಲ ಅವನನ್ನ ಕರೆಯೋದು ಮೈಕಣ್ಣ ಅಂತ.

ಅವತ್ತು ರಾತ್ರಿ ಹನ್ನೊಂದಕ್ಕೆ ಹತ್ತಿರ. ಮಾರನೇ ದಿನ ಮೇಷ್ಟ್ರ ಸ್ಮರಣೆಯ ಸಭೆ. ಮೈದಾನದಲ್ಲಿ ಶಾಮಿಯಾನ ಕಟ್ಟಿಸಿ, ಮೈಕ್ ನೋಡಿ, ಒಬ್ಬನೇ ಮನೆಗೆ ಹೊರಟಿದ್ದ. ದಾರಿಯಲ್ಲಿ ಆ ಹಳೇ ಬಾವಿ... ಮೇಲೆ ಕಬ್ಬಿಣದ ಜಾಲರಿ ಮುಚ್ಚಿದ್ದಾರೆ. ಇಪ್ಪತ್ತೆರಡು ವರ್ಷದ ಹಿಂದೆ ಮೇಷ್ಟ್ರಿಗೆ ಗುಂಡು ಹೊಡೆದದ್ದು ಅದರ ಪಕ್ಕದಲ್ಲೇ.

ಮೇಷ್ಟ್ರು ಅಂದ್ರೆ ರಾತ್ರಿ ಶಾಲೆ ನಡೆಸ್ತಿದ್ದವರು. ಆಗ ಆಸ್ಪತ್ರೆಗೆ ಎರಡು ಬಾಗಿಲು. ದೊಡ್ಡೋರಿಗೆ ಮುಂದಿನದು. ನಮ್ಮಂಥೋರಿಗೆ ಹಿಂದಿನದು, ಹೆಣ ಸಾಗಿಸೋ ಕಡೆಯದು. 'ಕಾಯಿಲೆ ಒಂದೇ ಆದ ಮೇಲೆ ಬಾಗಿಲು ಎರಡು ಯಾಕ್ರಯ್ಯಾ?' ಅಂತ ಕೇಳಿದ್ರು, ಜನರನ್ನ ಕಟ್ಟಿಕೊಂಡು ಮುಂದಿನ ಬಾಗಿಲಿಗೇ ನಡೆದ್ರು. ಅಷ್ಟಕ್ಕೆ ಹೋಯ್ತು ಜೀವ. ಈಗ ನೋಡಿ, ಅವರ ಫೋಟೊ ಇಟ್ಕೊಳ್ಳದ ಪಕ್ಷವೇ ಇಲ್ಲ. ಬದುಕಿದ್ದಾಗ ಅವರನ್ನ ಕಂಡರೆ ರಸ್ತೆ ದಾಟಿ ಆ ಕಡೆ ಹೋಗ್ತಿದ್ದವರೆಲ್ಲ ಈಗ 'ನಮ್ಮ ಮೇಷ್ಟ್ರು' ಅಂತ ಎದೆ ಮುಟ್ಕೋತಾರೆ. ಮೈ ಉರಿಯುತ್ತೆ ನನಗೆ.

ಪುರಸಭೆ ಅಧ್ಯಕ್ಷರದಂತೂ ಪ್ರತಿ ವರ್ಷ ಒಂದೇ ಮಾತು. 'ಅವರು ಕೊನೇ ಉಸಿರು ಬಿಟ್ಟಾಗ ತಲೆ ನನ್ನ ತೊಡೆ ಮೇಲಿತ್ತು.' ಅಲ್ಲಿಗೆ ಬಂದಾಗ ಕರವಸ್ತ್ರ ಹೊರಗೆ ಬರುತ್ತೆ. ಭಾಷಣಕ್ಕೆ ಮೊದಲು ಎರಡು ನಿಮಿಷ ಮೌನ ಇರುತ್ತಲ್ಲ, ಅದು ಮಾತ್ರ ಯಾವತ್ತೂ ಎರಡು ನಿಮಿಷ ಆಗಿದ್ದಿಲ್ಲ. ಅಧ್ಯಕ್ಷರು ಗಂಟಲು ಸರಿಮಾಡ್ಕೊಂಡ್ರೆ 'ಮುಗಿಸು' ಅಂತ ಅರ್ಥ. ಮೂವತ್ತು ಸೆಕೆಂಡು, ಹೆಚ್ಚಂದ್ರೆ ಮೂವತ್ತೈದು. ಬಿಸಿಲು ಜಾಸ್ತಿ ಇದ್ದ ವರ್ಷ ಹದಿನೆಂಟು. ಮೈಕಣ್ಣ ತಕ್ಷಣ 'ಮೌನ ಮುಗಿಯಿತು, ಎಲ್ಲರೂ ಕೂತ್ಕೊಳ್ಳಿ' ಅಂದುಬಿಡ್ತಿದ್ದ. ಅವನಾದ್ರೂ ಏನು ಮಾಡಿಯಾನು? ಹನ್ನೊಂದು ವರ್ಷದಿಂದ ತಾತ್ಕಾಲಿಕ ಕೆಲಸ. ಈ ಸಲ ಸಭೆ ಮುಗಿದ ಸಂಜೆಯೇ ಕಾಯಂ ಮಾಡಿ ಸಹಿ ಹಾಕ್ತೀನಿ ಅಂದಿದ್ರು ಅಧ್ಯಕ್ಷರು. ಫೈಲು ಅವರ ಮೇಜಿನ ಮೇಲೇ ಇತ್ತು.

ಸರಿ, ಬಾವಿ ಹತ್ತಿರ ಬಂದ. ನಡೀತಾ ನಡೀತಾ ನಾಳೆಯ ಮಾತನ್ನ ಬಾಯಿಪಾಠ ಮಾಡ್ತಿದ್ದ. 'ಈಗ ಎಲ್ಲರೂ ಎದ್ದು ನಿಂತು, ಎರಡು ನಿಮಿಷ ಮೌನ ಆಚರಿಸೋಣ...'

ಅಂದ. ಅಷ್ಟೇ.

ಜೀರುಂಡೆ ಜೀರ್ ಅಂತಿದ್ದದ್ದು ನಿಂತೋಯ್ತು. ಟ್ರಾನ್ಸ್‌ಫಾರ್ಮರ್ ಗುಂಯ್ ಅನ್ನೋದು ನಿಂತೋಯ್ತು. ಹೆಜ್ಜೆ ಇಟ್ಟ... ಅವನ ಚಪ್ಪಲಿಯ ಚಟ್‌ಪಟ್ ಅವನಿಗೇ ಕೇಳಲಿಲ್ಲ. ಕಾಲು ನೆಲಕ್ಕೆ ಕೀಲು ಹೊಡೆದ ಹಾಗೆ ನಿಂತುಬಿಡ್ತು.

ಆಮೇಲೆ ಒಂದು ಉಸಿರು. ಗೊರ್... ಗೊರ್... ನೀರಲ್ಲಿ ನೆನೆದ ಉಸಿರು. ಅದರ ಹಿಂದೆಯೇ ಮರದ ಮೇಲೆ ಬೆರಳ ಗೆಣ್ಣು. ಟಕ್... ಟಕ್ ಟಕ್.

ಅಲ್ಲಿ ಬಾಗಿಲೇ ಇಲ್ಲ ಕಣ್ರೀ. ಬಾವಿ ಎದುರಿನ ಮನೆಗಳನ್ನೆಲ್ಲ ರಸ್ತೆ ಅಗಲ ಮಾಡೋಕೆ ಯಾವತ್ತೋ ಒಡೆದುಹಾಕಿದ್ರು. ಬರೀ ಡಾಂಬರು.

'ಮೌನ ಮುಗಿಯಿತು' ಅನ್ನೋಕೆ ಬಾಯಿ ತೆಗೆದ. ಅಭ್ಯಾಸ ನೋಡಿ. ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು. ಕಿವಿ ಪಕ್ಕದಲ್ಲೇ ಯಾರೋ ಪಿಸುಗುಟ್ಟಿದ್ರು.

'ಇನ್ನೂ ಇದೆ.'

ಕೈಯಲ್ಲಿ ಫೋನು, ಅದರಲ್ಲಿ ಗಂಟೆ ಹತ್ತು ಐವತ್ತೆರಡು. ಗೊರ್... ಗೊರ್... ಟಕ್ ಟಕ್... ಆಮೇಲೆ ಉಸಿರು ನಿಧಾನ ಆಯ್ತು. ನಿಂತಿತು. ಫೋನಲ್ಲಿ ಹತ್ತು ಐವತ್ತನಾಲ್ಕು. ಜೀರುಂಡೆ ಮತ್ತೆ ಶುರು ಮಾಡ್ಕೊಂಡ್ವು.

ಓಡಿ ಮನೆ ಸೇರಿದವನು ಅಮ್ಮನ ಮುಂದೆ ಕುಸಿದು ಕೂತ. ಎಲ್ಲ ಹೇಳಿದ. ದೊಡ್ಡಮ್ಮ ಕೇಳ್ತಾ ಕೇಳ್ತಾ ಬಿಳಿಚಿಕೊಂಡ್ರು. ಬಾವಿ ಎದುರು ಒಡೆದ ಮನೆಗಳಲ್ಲಿ ಒಂದು ಇವರದ್ದೇ. ಮೇಷ್ಟ್ರು ಸತ್ತ ವರ್ಷ ಇವನು ದೂರದ ಹಾಸ್ಟೆಲಲ್ಲಿದ್ದ.

ದೊಡ್ಡಮ್ಮ ಮೆಲ್ಲಗೆ ಅಂದ್ರು, "ಗುಂಡಿನ ಸದ್ದು ಕೇಳಿಸ್ತು ಕಣೋ. ಆಮೇಲೆ ನಮ್ಮ ಬಾಗಿಲೇ ಬಡಿದ್ರು."

"ಯಾರು?"

"ಇನ್ಯಾರು... ಬಾಗಿಲು ತೆಗೀರಮ್ಮಾ ಅಂದ್ರು. ನಾನು ಬಾಗಿಲ ಹಿಂದೇನೇ ನಿಂತಿದ್ದೆ. ನಿಮ್ಮಪ್ಪ ಬಾಯಿ ಮುಚ್ಚು ಅಂತ ಸನ್ನೆ ಮಾಡಿದ್ರು. ಆಚೆ ಮನೆಯೋರೂ ತೆಗೀಲಿಲ್ಲ, ಈಚೆ ಮನೆಯೋರೂ ತೆಗೀಲಿಲ್ಲ. ನಾನು ಗೋಡೆ ಗಡಿಯಾರ ನೋಡ್ತಾ ನಿಂತಿದ್ದೆ. ಎರಡು ನಿಮಿಷ ಕಣೋ... ಪೂರ್ತಿ ಎರಡು ನಿಮಿಷ ಬಡೀತಾನೇ ಇದ್ರು."

"ಅಧ್ಯಕ್ಷರು ಜೊತೆಗಿದ್ರಂತಲ್ಲಮ್ಮ?"

"ಒಂದು ನರಪಿಳ್ಳೆಯೂ ಇರಲಿಲ್ಲ."

ಆ ರಾತ್ರಿ ಇಬ್ಬರಿಗೂ ನಿದ್ದೆ ಇಲ್ಲ. ಬೆಳಿಗ್ಗೆ ದೊಡ್ಡಮ್ಮ, ಇಷ್ಟು ವರ್ಷ ಒಂದು ಸಲವೂ ಆ ಸಭೆಗೆ ಹೋಗದವರು, 'ನಾನೂ ಬರ್ತೀನಿ' ಅಂತ ಹೊರಟ್ರು. ಹೋಗಿ ಮೂರನೇ ಸಾಲಲ್ಲಿ ಕೂತ್ರು.

ಮೈಕಣ್ಣ ಮೌನ ಅಂತ ಕೂಗಿದ. ಎಲ್ಲರೂ ಎದ್ರು. ಮೂವತ್ತು ಸೆಕೆಂಡಿಗೆ ಅಧ್ಯಕ್ಷರು ಗಂಟಲು ಸರಿಮಾಡ್ಕೊಂಡ್ರು. ಮೈಕಣ್ಣನ ಕಣ್ಣಿಗೆ ಆ ಫೈಲು ಕಟ್ಟಿತು, ಹನ್ನೊಂದು ವರ್ಷ ಕಟ್ಟಿತು. ಬಾಯಿ ತೆಗೆದರೆ ಇವತ್ತು ಮಾತು ಬರ್ತಿತ್ತು, ನಾಲಿಗೆ ಸಡಿಲವಾಗೇ ಇತ್ತು. ತುಟಿ ಬಿಗಿದುಕೊಂಡು ನಿಂತ.

ಆಗ ಶಾಮಿಯಾನದ ನಾಲ್ಕು ಸ್ಪೀಕರಲ್ಲೂ... ಗೊರ್... ಗೊರ್...

ಮುಂದಿನ ಸಾಲಲ್ಲಿದ್ದ ಆಸ್ಪತ್ರೆಯ ನರ್ಸಮ್ಮ ಬಾಯಿಗೆ ಕೈ ಅಡ್ಡ ಹಿಡಿದ್ರು. ಕಾವಲಿಗಿದ್ದ ಪೊಲೀಸಪ್ಪ ಸ್ಪೀಕರ್ ನೋಡ್ತಾ ಟೋಪಿ ತೆಗೆದ. ಟಕ್... ಟಕ್ ಟಕ್. ಒಂದು ಕುರ್ಚಿಯೂ ಕಿರ್ ಅನ್ನಲಿಲ್ಲ. ಆದರೆ ವೇದಿಕೆ ಮೇಲೆ? ಒಬ್ಬರು ಫೋನು ನೋಡ್ಕೋತಿದ್ರು. ಇನ್ನೊಬ್ಬರು ಪಕ್ಕದವರ ಕಿವಿಯಲ್ಲಿ ಊಟ ಎಷ್ಟು ಗಂಟೆಗೆ ಅಂತ ಕೇಳ್ತಿದ್ರು. ಅವರಿಗೆ ಏನೂ ಕೇಳಿಸ್ತಿರಲಿಲ್ಲ. ಒಬ್ಬರಿಗೂ.

ಅಧ್ಯಕ್ಷರು ಹಲ್ಲು ಕಚ್ಚಿ ಪಿಸುಗುಟ್ಟಿದ್ರು, "ಏಯ್, ನಿದ್ದೆ ಹೊಡೀತಿದ್ದೀಯೇನೋ? ಮುಗಿಸೋ."

"ಇನ್ನೂ ಇದೆ ಸಾರ್."

ಟಕ್ ಟಕ್. ಮೂರನೇ ಸಾಲಲ್ಲಿ ದೊಡ್ಡಮ್ಮ ಬಲಗೈ ಎತ್ತಿದ್ರು. ಗಾಳಿಯಲ್ಲಿ ಏನನ್ನೋ ಹಿಡಿದು ಪಕ್ಕಕ್ಕೆ ಎಳೆದ್ರು. ತುಟಿ ಅಲ್ಲಾಡ್ತು. 'ಬಂದೆ... ಬಂದೆ ಕಣಪ್ಪಾ, ತೆಗೀತಿದ್ದೀನಿ.' ಸ್ಪೀಕರಲ್ಲಿ ಚಿಲಕ ಸರಿದ ಸದ್ದು. ಕಿರ್ರ್... ಟಣ್.

ಉಸಿರು ನಿಂತಿತು. ಎರಡು ನಿಮಿಷ ಆಗಿತ್ತು.

ಮೌನ ಮುಗಿಯಿತು ಅಂದ ಮೈಕಣ್ಣ. ವೇದಿಕೆಯವರು ಕೂತ್ರು, ಜನ ಕೂರಲಿಲ್ಲ. ಅಧ್ಯಕ್ಷರು ಬಂದು ಮೈಕ್ ಹಿಡಿದು, ಒಂಚೂರೂ ತಡವರಿಸದೆ, ತೊಡೆ ಮೇಲಿನ ತಲೆಯ ಮಾತಿಗೆ ಬಂದು ಕರವಸ್ತ್ರ ತೆಗೆದ್ರು. ಅಷ್ಟು ಜನ ಸುಮ್ಮನೆ ನಿಂತು ಅವರನ್ನೇ ನೋಡ್ತಿದ್ರು.

ಸಂಜೆ ಫೈಲು ವಾಪಸ್ ಬಂತು, ಸಹಿ ಇಲ್ಲದೆ. ಮುಂದಿನ ವರ್ಷಕ್ಕೆ ಮೈಕಿಗೂ ಬೇರೆಯವರನ್ನ ನೋಡ್ಕೊಂಡಿದ್ದಾರೆ.

"ನನ್ನಿಂದ ನಿನ್ನ ಕೆಲಸ ಹೋಯ್ತೇನೋ?" ಅಂದ್ರು ದೊಡ್ಡಮ್ಮ.

"ಹೋದ್ರೆ ಹೋಗ್ಲಿ ಬಿಡಮ್ಮ. ನಿನ್ನ ಕೈಗೆ ಏನಾಯ್ತು?"

ಅವರ ಬಲಗೈ ಹೆಬ್ಬೆರಳಿಗೂ ಪಕ್ಕದ ಬೆರಳಿಗೂ ಕೆಂಪಗೆ ಮೆತ್ತಿಕೊಂಡಿತ್ತು. ತುಕ್ಕು. ಹಳೇ ಕಬ್ಬಿಣದ ತುಕ್ಕು. ಪಕ್ಕದಲ್ಲಿ ಚರ್ಮ ತರಚಿದ ಗೀರು, ಬಿಗಿಯಾದ ಚಿಲಕ ಎಳೆದ್ರೆ ಆಗುತ್ತಲ್ಲ, ಹಾಗೆ. ಅವರ ಈಗಿನ ಮನೆಯ ಚಿಲಕ ಸ್ಟೀಲಿನದು, ಅವತ್ತು ಅವರು ಮುಟ್ಟಿದ್ದು ಬರೀ ಗಾಳಿ. ನಗೋರು ನಗಿ, ನನಗೇನು... ಆ ತುಕ್ಕಿನ ಬೆರಳನ್ನ ನಾನೇ ಹಿಡಿದು ನೋಡಿದ್ದೀನಿ.