ಮರ ಇನ್ನೂ ಒಣಗಿಲ್ಲ

…ಒಣಗಿಲ್ಲ ಅಂದ್ರೆ ಒಣಗಿಲ್ಲ, ಜೋಫ್ಕಾ. ಎಷ್ಟು ಸಲ ಕೇಳ್ತೀಯ? ಬಾ, ಒಳಗೆ ಬಾ, ಮನೆಗಾಡಿ ಮೆಟ್ಟಿಲ ಮೇಲೆ ನಿಂತು ಬೆಳಕಿಗೆ ಅಡ್ಡ ಆಗ್ಬೇಡ. ಇಲ್ಲಿ, ಕಿಟಕಿ ಕೆಳಗಿನ ಮರದ ಪಟ್ಟಿ ಮೇಲೆ ಬೆರಳಿಟ್ಟು ನೋಡು. ತಣ್ಣಗಿಲ್ವಾ? ಹಸಿ. ಹಸಿ ಇರುವಾಗಲೇ ಮುಚ್ಚಿದ್ವೋ, ಮುಗೀತು ಕತೆ. ಹೊರಗೆ ತಗಡು, ಒಳಗೆ ಪ್ಲೈವುಡ್, ನಡುವೆ ಇರೋ ಈ ಮರ ಯಾರಿಗೂ ಕಾಣದ ಹಾಗೆ ಕೊಳೀತಾ ಹೋಗುತ್ತೆ. ನಿನ್ನ ತಂಗಿ ಇರೋ ಲೋಶಿನ್ ದ್ವೀಪಕ್ಕೆ ಹೋಗೋ ಹಡಗಿಗೆ ಗಾಡಿ ಹತ್ತಿಸೋ ಹೊತ್ತಿಗೆ ಕಿಟಕಿ ಕಿತ್ಕೊಂಡು ನಿನ್ನ ಮಡಿಲಿಗೆ ಬಿದ್ದಿರುತ್ತೆ.

ನಗು, ನಗು. ಭುಜ ಅಲ್ಲಾಡ್ತಿದೆಯಲ್ಲ, ಅಷ್ಟೂ ಗೊತ್ತಾಗಲ್ವಾ ನಂಗೆ?

ಪಕ್ಕದ ಮನೆ ಫ್ರಾನ್ಸಿ ನಿನ್ನ ಕಿವಿ ಊದಿದ್ದಾನೆ. ಮರ ಗರಿಗರಿ ಒಣಗಿದೆ, ನಿನ್ನ ಗಂಡ ಲೋಯ್ಜೆ ಸುಮ್ಸುಮ್ನೆ ದಿನ ಎಳೀತಿದ್ದಾನೆ ಅಂದ್ನಂತೆ. ಅವನ ಮಾತು ಕಟ್ಕೊಂಡು ಏನಾಗ್ಬೇಕು? ಹೋದ ಚಳಿಗಾಲದಲ್ಲಿ ಬಚ್ಚಲಮನೆಗೆ ಹಾಕೋ ಸಿಲಿಕೋನ್ ತಂದು ಕಿಟಕಿ ಸುತ್ತ ಬಳಿ, ಒಂದು ಹನಿನೂ ಒಳಗೆ ಬರಲ್ಲ ಅಂತ ತಲೆ ತಿಂದೋನೂ ಅವನೇ. ನಾನೂ ಬಳಿದೆ, ದಡ್ಡ. ಹೊರಗಿನ ಹನಿ ಒಳಗೆ ಬರಲಿಲ್ಲ, ನಿಜ. ಆದ್ರೆ ಆಗಲೇ ಒಳಗೆ ಸೇರಿದ್ದ ನೀರು ಹೊರಗೆ ಹೋಗೋ ದಾರಿನೂ ಮುಚ್ಚಿಹೋಯ್ತು. ಅದು ಎಲ್ಲಿಗೆ ಹೋಗ್ಬೇಕು ಪಾಪ? ಸಿಕ್ಕಿಹಾಕ್ಕೊಂಡು, ಸುತ್ತ ಇರೋದನ್ನೆಲ್ಲ ಕೊಳೆಸ್ತಾ ಕೂತ್ಕೊಳ್ತು.

ಗೊತ್ತು ಕಣೇ, ಮಾರಿಚ್ಕಾ ಆಪರೇಷನ್ ಗುರುವಾರ. ನಿನ್ನೆನೂ ಫೋನಲ್ಲಿ ಅತ್ತಳಲ್ಲ, ನನ್ನ ಒಳಗೆ ಕರ್ಕೊಂಡು ಹೋಗೋ ಮುಂಚೆ ನಿನ್ನ ಮುಖ ಒಂದ್ಸಲ ನೋಡ್ಬೇಕು ಅಕ್ಕಾ ಅಂತ. ನಾನೇನು ಕಲ್ಲಾ? ಬಸ್ಸಿಗೆ ಹೋಗು ಅಂದೆ. ಅವಳದ್ದು ಒಂದೇ ಕೋಣೆ, ನಾನೆಲ್ಲಿ ಮಲಗ್ಲಿ, ಗಾಡಿ ಅವಳ ಅಂಗಳದಲ್ಲಿ ನಿಲ್ಲಿಸ್ಕೊಂಡು, ಇದ್ರಲ್ಲೇ ಮಲಗಿ, ತಂಗಿ ಎದ್ದು ಓಡಾಡೋವರೆಗೂ ನೋಡ್ಕೋಬೇಕು ಅಂದೋಳು ನೀನೇ. ಹಾಗಿದ್ಮೇಲೆ ಕಾಯಬೇಕಪ್ಪ.

ಏನು? ಫ್ರಾನ್ಸಿ ಓಡಿಸ್ತಾನಾ? ತಲೆ ಆಡಿಸ್ಬೇಡ, ಬೇಡ ಅಂದ್ರೆ ಬೇಡ. ಈ ಸ್ಟೀರಿಂಗ್ ಇವತ್ತಿನವರೆಗೂ ಇನ್ನೊಬ್ಬರ ಕೈಗೆ ಕೊಟ್ಟೋನಲ್ಲ ನಾನು. ಇಡೀ ಯುರೋಪು ಲಾರಿ ಓಡಿಸಿದೋನು, ಹೆಂಡತೀನ ಅವಳ ತಂಗಿ ಮನೆಗೆ ಕರ್ಕೊಂಡು ಹೋಗಕ್ಕಾಗದೆ ಪಕ್ಕದ ಮನೆಯೋನ ಕೈಕಾಲು ಹಿಡೀಬೇಕಾ?

ಏನದು ಸದ್ದು? ಆ ಬಕೆಟ್ ಮುಟ್ಬೇಡ. ಕೈ ತೊಳ್ಯೋಕೆ ಇಟ್ಕೊಂಡಿರೋದು. ಸ್ಪಂಜು? ಹೌದು, ಸ್ಪಂಜೂ ಇದೆ. ಯಾಕೆ, ಇರಬಾರ್ದಾ?

ಒಳ್ಳೆ ಮರಾನೂ ಕೆತ್ತಿಹಾಕಿದ್ದೀನಾ? ಎಲ್ಲಿ… ಬೆರಳು ಹಿಡಿದು ಎಳೀಬೇಡ, ನಾನೇ ನೋಡ್ತೀನಿ. ಹೂಂ. ಇಲ್ಲೊಂದಿಷ್ಟು. ಉಳಿ ಜಾರ್ತು. ಯಾರಿಗೂ ಜಾರೋದೇ ಇಲ್ವಾ?

ಮಾತಾಡೇ. ಹೀಗೆ ಬಾಯಿ ಹೊಲ್ಕೊಂಡು ನಿಂತ್ರೆ ನಂಗೆ ಉಸಿರು ಕಟ್ಟುತ್ತೆ. ಕಿಟಕಿ ಜಾಗಕ್ಕೆ ಪ್ಲಾಸ್ಟಿಕ್ ಹೊಡೆದಿದ್ದೀನಿ, ಮೊದಲೇ ಗಾಳಿ ಇಲ್ಲ ಇದ್ರೊಳಗೆ.

ಏನು ತೋರಿಸ್ತಿದ್ದೀಯ? ಹಾಂ… ಕಿಟಕಿ ಅಂಚಿಗೆ ಹಚ್ಚೋ ಅಂಟಿನ ಪಟ್ಟಿ. ಅಲ್ಲೇ ಇಡು, ಇವತ್ತಿಗೆ ಬೇಡ.

ಯಾಕೆ ಹಿಡ್ಕೊಂಡೇ ನಿಂತೆ? ಪಟ್ಟಿ ಅಲ್ವಾ? ಕತ್ತಲೆ ಕಣೇ ಇಲ್ಲಿ… ಉಳಿ. ಉಳಿ ತಾನೇ? ಸರಿ, ಕೊಡು.

ಜೋಫ್ಕಾ?

ಕೊಡು ಮಾರಾಯ್ತಿ ಇಲ್ಲಿ, ಕೊ…

ಕೈ.

ನಿನ್ನ ಬರೀ ಕೈ. ಏನೂ ಇಲ್ಲ ಇದರಲ್ಲಿ.

ಯಾವಾಗಿಂದ ಗೊತ್ತು ನಿಂಗೆ?

ಹೇಳ್ಬೇಡ, ಬಿಡು. ನಾನೇ ಹೇಳ್ತೀನಿ. ಲೈಸೆನ್ಸ್ ಹೊಸದು ಮಾಡಿಸೋಕೆ ಹೋದ್ನಲ್ಲ, ಅವತ್ತು. ಕಣ್ಣಿನ ನಡುಭಾಗ ಹೋಗಿದೆ, ಅಂಚು ಮಾತ್ರ ಉಳಿದಿದೆ, ಇನ್ನು ಗಾಡಿ ಮುಟ್ಟೋ ಹಾಗಿಲ್ಲ ಅಂದ್ರು ಡಾಕ್ಟರಮ್ಮ. ರಸ್ತೆ ಪಕ್ಕದ ಮರ ಕಾಣುತ್ತೆ, ರಸ್ತೆ ಕಾಣಲ್ಲ. ನಿನ್ನ ನೇರ ನೋಡಿದ್ರೆ ಕೂದಲಿದೆ, ಭುಜ ಇದೆ, ಮಧ್ಯೆ ಮುಖ ಇಲ್ಲ. ಹೆದರಿಕೆ ಆಯ್ತು ಕಣೇ. ಗಾಡಿ ಓಡಿಸೋದು ಬಿಟ್ರೆ ಇನ್ನೇನು ಬರುತ್ತೆ ನಂಗೆ? ಮೂಲೆ ಹಿಡೀಬೇಕಷ್ಟೆ. ನೀನು ಏಳೋ ಮುಂಚೆ ಬಂದು ದಿನಾ ಈ ಮರದ ಮೇಲೆ ನೀರು ಹಿಂಡ್ತಿದ್ದೆ. ಇಲ್ದಿದ್ರೆ ಇದು ಒಣಗಿ ಯಾವ ಕಾಲ ಆಗ್ತಿತ್ತು.

ಬೈಯಿ. ನಾಲ್ಕು ಬೈದುಬಿಡು. ಭುಜ ಮತ್ತೆ ಅಲ್ಲಾಡ್ತಿದೆ… ನಗೂನಾ? ತಾಳು, ಕೆನ್ನೆ ಎಲ್ಲಿ ನಿಂದು.

ಅಯ್ಯೋ, ಎಷ್ಟು ಹೊತ್ತಿಂದ ಅಳ್ತಿದ್ದೀಯೇ?

ಅಳ್ಬೇಡ. ಮಾರಿಚ್ಕಾ ಕಾಯ್ತಿದ್ದಾಳೆ. ಫ್ರಾನ್ಸಿ ಮನೇಲಿದ್ದಾನಾ ನೋಡು… ಇಲ್ಲ, ನಿಲ್ಲು, ನೀನು ಕೂಗ್ಬೇಡ. ಮೆಟ್ಟಿಲು ಇಳಿಯೋವರೆಗೆ ನನ್ನ ಕೈ ಹಿಡ್ಕೊ. ನಾನೇ ಹೋಗಿ ಕೇಳ್ತೀನಿ ಅವನ್ನ.