ಬಂಡೆಯ ಪಕ್ಕದಲ್ಲಿ ಕಂಡ ದೋಣಿ

ಹೆಸರು: ಗೀತಾಂಜಲಿ ಕೋಂ ಶ್ರೀಧರ ನಾಯ್ಕ
ಪ್ರಾಯ: 38 ವರ್ಷ
ಉದ್ಯೋಗ: ಹೈಸ್ಕೂಲಿನಲ್ಲಿ ವಿಜ್ಞಾನ ಶಿಕ್ಷಕಿ
ವಾಸ: ಹಳದೀಪುರ, ತಾ. ಹೊನ್ನಾವರ

ಮೇಲ್ಕಂಡ ನಾನು ಇಂದು 11.55ಕ್ಕೆ ಠಾಣೆಯಲ್ಲಿ ಹೆಡ್ ಕಾನ್‌ಸ್ಟೇಬಲ್ ಗುರುದತ್ತರ ಎದುರು ಹೇಳಿ ಬರೆಸುವುದೇನೆಂದರೆ, ಬೆಳಿಗ್ಗೆ ನಾನು ಕೊಟ್ಟ ಮಾಹಿತಿ ತಪ್ಪು. ಸುಳ್ಳಲ್ಲ, ತಪ್ಪು. ಹುಡುಕುವ ಬೋಟು ಈಗಷ್ಟೇ ದಿಕ್ಕು ಬದಲಿಸಿದೆ. ಸುದ್ದಿ ಬರುವವರೆಗೆ ಕೂತು ಬರೆಸಿ ಅಂದರು, ಬರೆಸುತ್ತಿದ್ದೇನೆ. ನಡುನಡುವೆ ಎದ್ದು ಬಾಗಿಲಿಗೆ ಹೋದರೆ ಬೇಸರ ಮಾಡಿಕೊಳ್ಳಬಾರದು.

ನನಗೆ ಹಕ್ಕಿಗಳ ಫೋಟೋ ತೆಗೆಯುವ ಹುಚ್ಚಿದೆ. ಇಂದು ಭಾನುವಾರ ಬೆಳಿಗ್ಗೆ 7.20ಕ್ಕೆ ಅಪ್ಸರಕೊಂಡದ ಗುಡ್ಡ ಹತ್ತಿದೆ. ದಡದಿಂದ ಸುಮಾರು 300 ಮೀಟರ್ ದೂರದಲ್ಲಿ ನೀರಿನೊಳಗೆ ಒಂದು ಕರಿಬಂಡೆ ಇದೆ. ಅದರ ಮೇಲೆ ಕಡಲ ಹದ್ದು ಕೂತಿತ್ತು. ನನ್ನಲ್ಲಿ ಎರಡು ಲೆನ್ಸ್ ಇವೆ. ಚಿಕ್ಕದರಲ್ಲಿ ಹಕ್ಕಿಯ ಜೊತೆ ಸುತ್ತಲಿನ ಸಮುದ್ರವೂ ಬರುತ್ತದೆ. ನನಗೆ ಹದ್ದಿನ ಕಣ್ಣು ಬೇಕಿತ್ತು, ಗರಿ ಬೇಕಿತ್ತು. ಚಿಕ್ಕದನ್ನು ಸ್ಕೂಟಿಯ ಡಿಕ್ಕಿಯಲ್ಲೇ ಬಿಟ್ಟು ದೂರದ್ದನ್ನು ಹತ್ತಿರ ತರುವ 600 ಎಂಎಂ ಉದ್ದ ಲೆನ್ಸ್ ಒಯ್ದೆ. ಸ್ಟ್ಯಾಂಡ್ ಒಯ್ಯುವುದಿಲ್ಲ. ಹದ್ದು ಹಾರಿದ ಮೇಲೆ ಸ್ಟ್ಯಾಂಡ್ ತಿರುಗಿಸುತ್ತ ಕೂತರೆ ಅದರ ಬಾಲವೂ ಸಿಗುವುದಿಲ್ಲ. ಎಡ ಅಂಗೈಯಲ್ಲಿ ಲೆನ್ಸ್ ಹೊತ್ತು, ಮೊಣಕೈ ಎರಡನ್ನೂ ಪಕ್ಕೆಗೆ ಒತ್ತಿ, ಅರ್ಧ ಉಸಿರು ಬಿಟ್ಟು ತಡೆದು ಬಟನ್ ಒತ್ತಬೇಕು. ಹಾಗೆ ನಿಂತಾಗ ಬೇರೆ ಏನೂ ಕಾಣುವುದಿಲ್ಲ, ಕೇಳುವುದಿಲ್ಲ. ಅದೇ ನನಗೆ ಇಷ್ಟ, ಎಂತ ಮಾಡಲಿ.

7.50ರ ಸುಮಾರಿಗೆ ಬಂಡೆಯ ಪಕ್ಕದಲ್ಲೇ ಒಂದು ಚಿಕ್ಕ ಪಾತಿದೋಣಿ ಕಂಡಿತು. ಅದರಲ್ಲಿ ಒಬ್ಬರು ನಿಂತು ಕೈ ಎತ್ತಿದ್ದರು. ಬಲೆ ಬೀಸುತ್ತಾರೆ ಅಂದುಕೊಂಡೆ. ಈ ಮಾರಾಯ ನನ್ನ ಹದ್ದನ್ನು ಓಡಿಸುತ್ತಾನಲ್ಲ ಎಂದು ಬೈದುಕೊಂಡೆ ಕೂಡ. ಅದನ್ನೂ ಬರೆಯಿರಿ. ಅಷ್ಟರಲ್ಲಿ ಹದ್ದು ಹಾರಿತು, ನನ್ನ ಲೆನ್ಸ್ ಅದರ ಹಿಂದೆ ಹೋಯಿತು. ಮತ್ತೆ ಬಂಡೆಯ ಕಡೆ ತಿರುಗಿಸಿದಾಗ ದೋಣಿ ಮಗುಚಿತ್ತು, ಬೆನ್ನು ಮಾತ್ರ ಕಾಣುತ್ತಿತ್ತು. ಮಗುಚಿದ್ದನ್ನು ನಾನು ನೋಡಿಲ್ಲ.

ಕೂಡಲೇ 112ಕ್ಕೆ ಫೋನ್ ಮಾಡಿ ದಡಕ್ಕೆ ಓಡಿದೆ. ಕೆಳಗಿನಿಂದ ದೋಣಿ ಕಾಣಲಿಲ್ಲ. ಅಲ್ಲಿದ್ದ ಮೀನುಗಾರರು ಎಂತ ಆತು ಅಕ್ಕೋರೇ, ಎಲ್ಲಿ ಎಂದು ಕೇಳಿದರು. ಬಂಡೆಯ ಪಕ್ಕದಲ್ಲೇ, ಕಣ್ಣಾರೆ ನೋಡಿದ್ದೇನೆ ಎಂದೆ. ಬೆಳಿಗ್ಗೆ ಪಾತಿದೋಣಿ ಇಳಿಸಿದವನು ತನ್ನ ಅಣ್ಣ ಈರಪ್ಪ ಮಾತ್ರ, ಅದು ಅವನದೇ ದೋಣಿಯೆಂದು, ಅಣ್ಣ ಒಬ್ಬನೇ ಹೋಗಿದ್ದಾನೆಂದು ಪಾಂಡು ಎಂಬವರು ಕೂಗಿಕೊಂಡರು.

8.30ರಿಂದ ಮೀನುಗಾರರ ಎರಡು ದೋಣಿಗಳೂ ಪೊಲೀಸ್ ಬೋಟೂ ಬಂಡೆಯ ಸುತ್ತಲೇ ಹುಡುಕಿದವು. ಏನೂ ಸಿಗದಿದ್ದಾಗ ದೋಣಿ ಬಂಡೆಗೆ ಬಡಿದು ಒಡೆದು ಮುಳುಗಿರಬೇಕು ಎಂದು ಎಲ್ಲರೂ ಅಂದರು. ಪಾಂಡು ಮತ್ತೆ ಮತ್ತೆ ಮುಳುಗು ಹಾಕಿದರು. ಬಂಡೆಗೆ ಅಂಟಿದ ಚಿಪ್ಪುಗಳು ಕೊಯ್ದು ಅವರ ಎರಡೂ ಪಾದಗಳಲ್ಲಿ ರಕ್ತ ಬರುತ್ತಿತ್ತು. ದಡದಲ್ಲಿ ನಿಂತು ಇನ್ನೂ ಸ್ವಲ್ಪ ಎಡಕ್ಕೆ, ಎಡಕ್ಕೆ ಎಂದು ಕೈ ತೋರಿಸುತ್ತಿದ್ದವಳು ನಾನೇ.

11.30ಕ್ಕೆ ಹೇಳಿಕೆ ಕೊಡಲು ನನ್ನನ್ನು ಠಾಣೆಗೆ ಕರೆತಂದರು. ಈರಪ್ಪನವರ ಹೆಂಡತಿ ಹೊನ್ನಮ್ಮ ಇಲ್ಲಿ ಬೆಂಚಿನ ಮೇಲೆ ಕೂತಿದ್ದರು. ಗುರುದತ್ತರಿಗೆ ಕ್ಯಾಮರಾದಲ್ಲಿ ಹದ್ದೂ ದೋಣಿಯೂ ಒಟ್ಟಿಗೆ ಬಂದ ಫೋಟೋ ತೋರಿಸುವಾಗ ಅವರೂ ಎದ್ದು ಬಂದು ಅವ್ರ ಮುಖ ಕಾಣ್ತದಾ ಎಂದು ಕೇಳಿದರು. ದೊಡ್ಡದು ಮಾಡಿ ತೋರಿಸಿದೆ. ಮುಖ ಮಸುಕಾಗಿತ್ತು. ಹೊನ್ನಮ್ಮ ಪರದೆಯನ್ನು ಸೆರಗಿನಿಂದ ಒರೆಸಿದರು. ಆಮೇಲೆ, ಈ ಹಕ್ಕಿ ಅವ್ರಷ್ಟೇ ದೊಡ್ಡದಾ ಅಕ್ಕೋರೇ ಎಂದರು.

ನಾನು ಪರದೆಯನ್ನು ಮತ್ತೆ ನೋಡಿದೆ. ಕೂತ ಹದ್ದು ಎರಡೂವರೆ ಅಡಿ. ನಿಂತ ಆಳು ಎಷ್ಟಿಲ್ಲವೆಂದರೂ ಐದೂವರೆ ಅಡಿ. ಇಬ್ಬರೂ ಒಂದೇ ಅಳತೆಯಲ್ಲಿ ಕಾಣಬೇಕಾದರೆ ಅವರು ಬಂಡೆಯ ಪಕ್ಕದಲ್ಲಿರಲು ಸಾಧ್ಯವೇ ಇಲ್ಲ. ಬಂಡೆ ಇರುವ ದೂರಕ್ಕಿಂತ ಎರಡು ಪಟ್ಟಿಗೂ ಹೆಚ್ಚು ದೂರದಲ್ಲಿರಬೇಕು. ಉದ್ದ ಲೆನ್ಸ್ ಹಿಂದಿನದನ್ನೂ ಮುಂದಿನದನ್ನೂ ತಂದು ಒಂದೇ ಕಡೆ ಅಂಟಿಸಿದಂತೆ ತೋರಿಸುತ್ತದೆ. ಇದು ನನಗೆ ಗೊತ್ತಿರುವ ಸಂಗತಿ. ವರ್ಷವೂ ಹತ್ತನೇ ತರಗತಿಗೆ ಮಸೂರದ ಪಾಠ ಮಾಡುವವಳು ನಾನು, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ. ಬೆಳಗಿನ ಗಾಳಿ ದಡದಿಂದ ಕಡಲಿಗೆ ಬೀಸುತ್ತದೆ, ದೋಣಿ ಇನ್ನೂ ಆಚೆ ಹೋಗಿರುತ್ತದೆ ಎಂದು ಗುರುದತ್ತರಿಗೆ ಹೇಳಿದೆ. ಮೊದಲು ಹೇಳಿಕೆ ಮುಗಿಸೋಣ ಎಂದರು. ಹೇಳಿಕೆ ಸುಡಲಿ, ಮೊದಲು ವೈರ್‌ಲೆಸ್ ಹಿಡೀರಿ ಮಾರಾಯ್ರೆ ಎಂದು ಕೂಗಿದೆ. ಅದಕ್ಕೆ ಕ್ಷಮೆ ಕೇಳುತ್ತೇನೆ. 11.50ಕ್ಕೆ ಅವರು ಬೋಟಿಗೆ ಹೇಳಿದರು.

ಇಷ್ಟು ಬರೆಸುವಾಗ 12.40ಕ್ಕೆ ವೈರ್‌ಲೆಸ್ ಬಂತು. ದಡದಿಂದ ಸುಮಾರು ಎರಡು ಕಿ.ಮೀ. ಆಚೆ ಮಗುಚಿದ ದೋಣಿಯನ್ನು ತಬ್ಬಿಕೊಂಡ ಸ್ಥಿತಿಯಲ್ಲಿ ಈರಪ್ಪ ಸಿಕ್ಕಿದ್ದಾರೆ. ಜೀವ ಇದೆ. ಮಾತಾಡುತ್ತಿಲ್ಲ, ಆಸ್ಪತ್ರೆಗೆ ತರುತ್ತಿದ್ದಾರೆ. ಬೆಳಿಗ್ಗೆ ಗುಡ್ಡದ ಮೇಲೆ ಯಾರೋ ನಿಂತದ್ದು ಅವರಿಗೆ ಕಂಡಿರಬೇಕು, ಬಲೆ ಬೀಸಲು ಅಲ್ಲ, ಸಹಾಯಕ್ಕೇ ಕೈ ಎತ್ತಿದ್ದಿರಬೇಕು.

ಹೊನ್ನಮ್ಮ ನನ್ನ ಎರಡೂ ಕೈ ಹಿಡಿದು, ನಿಮ್ಮಿಂದ ಸಿಕ್ಕಿದ್ರು ಅಕ್ಕೋರೇ ಎಂದು ಅತ್ತರು. ಬಂಡೆಯ ಸುತ್ತ ಹುಡುಕಿಸಿದ ನನ್ನಿಂದಲೇ ಅವರು ಮೂರು ತಾಸಿಗೂ ಹೆಚ್ಚು ಹೊತ್ತು ಸುಮ್ಮನೆ ನೀರಲ್ಲಿ ಉಳಿದರು ಎಂದು ಹೇಳಲು ಬಾಯಿ ತೆರೆದೆ, ಹೇಳಲಾಗಲಿಲ್ಲ. ಅವರು ಆಸ್ಪತ್ರೆಗೆ ಹೋದರು. ಆದ್ದರಿಂದ ಈ ಹೇಳಿಕೆಯನ್ನು ಹೊನ್ನಮ್ಮ ಅವರಿಗೆ ಪೂರ್ತಿ ಓದಿ ಹೇಳಬೇಕೆಂದು ಕೇಳಿಕೊಳ್ಳುತ್ತೇನೆ.

ಬರೆದದ್ದನ್ನು ಗುರುದತ್ತರು ನನಗೆ ಓದಿದರು. ನಾನು ಹೇಳಿದ್ದೇ ಇದೆ, ತೆಗೆಯುವಂಥದ್ದು ಏನೂ ಇಲ್ಲ.

ಸ್ಥಳ: ಹೊನ್ನಾವರ
ದಿನಾಂಕ: 18-01-2026
ಸಹಿ: ಗೀತಾಂಜಲಿ ಶ್ರೀ. ನಾಯ್ಕ